ನೆರಳು ಕಾಣಿಸುತ್ತಿಲ್ಲ ಎಂದು ಕೇಳಿದ್ದ ಇಂದುಮತಿಗೆ

ಬೆಟಗೇರಿ, ೩೧ ಜೂನ್ ೨೧೪೭

‘ನೆರಳಿಲ್ಲದಲ್ಲಿ ನಿಂತವರಿಲ್ಲ’ ಎಂದೋ ‘ನಿಂತವರಿಗೆಲ್ಲ ನೆರಳಿಲ್ಲ’ ಎಂದೋ ಒಂದು ಸಾಲಿತ್ತು. ಎಂ.ಎ. ಓದುವಾಗ, ಗ್ರಂಥಾಲಯದಿಂದ ತಂದ ಯಾವುದೋ ಪುಸ್ತಕದ ಅಂಚಿನಲ್ಲಿ ಯಾರೋ ಪೆನ್ಸಿಲಿನಿಂದ ಬರೆದಿಟ್ಟದ್ದು. ಲಯ ನೆನಪಿದೆ, ಶಬ್ದಗಳ ಕ್ರಮ ಮರೆತಿದೆ. ಬಾಯಲ್ಲಿ ಹೇಳಿಕೊಂಡರೆ ಎರಡೂ ಒಂದೇ ತೂಕದವು. ಅರ್ಥ ಮಾತ್ರ ಎದುರುಬದುರು. ಮೊದಲನೆಯದು ನಿಜವಾದರೆ ಫೋಟೊ ತೆಗೆದ ದಿನ ನೀವು ಅಲ್ಲಿರಲಿಲ್ಲ. ಎರಡನೆಯದು ನಿಜವಾದರೆ ಇದ್ದಿರಲೂಬಹುದು. ನಮ್ಮ ಊರು ಎರಡು ತಲೆಮಾರಿನಿಂದ ಮೊದಲನೆಯದನ್ನೇ ನಂಬಿಕೊಂಡು ಬಂದಿದೆ. ಹೋದ ತಿಂಗಳವರೆಗೆ ನಾನೂ ನಂಬಿದ್ದೆ.

ಮೇಲಿನ ತಾರೀಕು ನೋಡಿ ಕೈತಪ್ಪು ಎಂದುಕೊಳ್ಳಬೇಡಿ. ನಿಮ್ಮ ಕಾಲದಲ್ಲಿ ಜೂನ್ ತಿಂಗಳಿಗೆ ಮೂವತ್ತೇ ದಿನ ಎಂದು ಬಲ್ಲೆ. ಮುಂಗಾರು ತಡವಾಗಿ ಬರತೊಡಗಿದ ಮೇಲೆ, ಬಿತ್ತನೆಯ ತಿಂಗಳಿಗೆ ಒಂದು ದಿನ ಹೆಚ್ಚಿರಲಿ ಎಂದು ಜನವರಿಯಿಂದ ಒಂದನ್ನು ತೆಗೆದು ಇಲ್ಲಿ ಸೇರಿಸಿದರು. ಮಳೆಯೇನೂ ಕ್ಯಾಲೆಂಡರ್ ನೋಡಿಕೊಂಡು ಬರಲಿಲ್ಲ. ದಿನ ಮಾತ್ರ ಉಳಿದುಕೊಂಡಿತು. ಈ ಪತ್ರದಲ್ಲಿ ನಿಮಗೆ ಗೊತ್ತಿಲ್ಲದ ಮಾತುಗಳು ಕೆಲವು ಬರುತ್ತವೆ. ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನಿಮ್ಮ ಕಾಲದ ಮಾತುಗಳನ್ನು ನಾನು ಸರಿಯಾಗಿ ಬಳಸದಿದ್ದರೆ ನೀವೂ ಮನ್ನಿಸಬೇಕು. ‘ಲೇಯರ್’, ‘ಸೇವ್’, ‘ಅನ್‌ಡೂ’ ಇವೆಲ್ಲ ನಮಗೆ ಹಳಗನ್ನಡದ ಹಾಗೆ, ಪಾಠ ಮಾಡಿಸಿಕೊಂಡು ಕಲಿತವು.

ನಾನು ನೀಲಾಂಬಿಕೆ ಬಣಗಾರ. ನೀವು ನನ್ನ ಅಜ್ಜನ ಅಜ್ಜನಿಗೆ ಅಕ್ಕ. ನೂರಕ್ಕೂ ಹೆಚ್ಚು ವರ್ಷ ಹಿರಿಯರು. ಆದರೆ ನನ್ನ ಮುಂದಿರುವ ಚಿತ್ರದಲ್ಲಿ ನಿಮಗೆ ಮೂವತ್ತು ದಾಟಿದಂತಿಲ್ಲ, ನನಗೆ ನಲವತ್ತೆಂಟು. ಮನೆಯಲ್ಲಿ ಎಲ್ಲರೂ ನಿಮ್ಮನ್ನು ಇಂದವ್ವ ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ.

ಇಂದವ್ವ, ಇದು ನಿಮ್ಮ ಪ್ರಶ್ನೆಗೆ ಉತ್ತರ. ೨೦೨೧ರ ಫೆಬ್ರುವರಿ ಹದಿನೇಳರಂದು, ಚಿತ್ರ ತಿದ್ದುವ ಉಚಿತ ತಂತ್ರಾಂಶವೊಂದರ ಕನ್ನಡ ಬಳಕೆದಾರರ ಚರ್ಚಾಪುಟದಲ್ಲಿ ‘ನೆರಳು ಹಾಕಿದರೂ ಕಾಣಿಸುತ್ತಿಲ್ಲ, ದಯವಿಟ್ಟು ಯಾರಾದರೂ ಹೇಳಿಕೊಡಿ’ ಎಂಬ ತಲೆಬರಹ ಕೊಟ್ಟು ನೀವು ಬರೆದಿದ್ದಿರಿ. ಕೆಳಗೆ ಒಬ್ಬರು ‘ಯಾವ ಆವೃತ್ತಿ? ಸ್ಕ್ರೀನ್‌ಶಾಟ್ ಹಾಕಿ’ ಎಂದಿದ್ದಾರೆ. ನೀವು ಹಾಕಿದ್ದೀರಿ, ಜೊತೆಗೆ ಕೆಲಸದ ಕಡತವನ್ನೂ. ಆಮೇಲೆ ಯಾರೂ ಮಾತಾಡಿಲ್ಲ. ಎರಡು ದಿನ ಬಿಟ್ಟು ನೀವು ‘ಯಾರಾದರೂ ಇದ್ದೀರಾ?’ ಎಂದು ಕೇಳಿದ್ದೀರಿ. ಅದಕ್ಕೂ ಉತ್ತರವಿಲ್ಲ. ಆ ಪುಟದ ಪ್ರತಿಯಲ್ಲಿ, ಎಲ್ಲಕ್ಕಿಂತ ಕೆಳಗೆ, ‘ಉತ್ತರ ಬರೆಯಿರಿ’ ಎಂಬ ಖಾಲಿ ಚೌಕ ಇನ್ನೂ ತೆರೆದೇ ಇದೆ. ಅದರೊಳಗೇ ಇದನ್ನು ಬರೆಯುತ್ತಿದ್ದೇನೆ. ಇದ್ದೇನೆ, ಇಂದವ್ವ. ಬರುವುದು ಸ್ವಲ್ಪ ತಡವಾಯಿತು.

ಆ ಪುಟ ನನಗೆ ಸಿಕ್ಕಿದ್ದು ಹಗೇವಿನಲ್ಲಿ. ಜೋಳ ತುಂಬಿಡುತ್ತಿದ್ದ ನೆಲದ ಕೆಳಗಿನ ಕಣಜಕ್ಕೆ ನಿಮ್ಮ ಹಿರಿಯರು ಹಗೇವು ಎನ್ನುತ್ತಿದ್ದರಲ್ಲ, ಅದೇ ಮಾತು. ಈಗ ಅದರಲ್ಲಿ ಜೋಳವಿಲ್ಲ, ಹಳೆಯ ಕಡತಗಳಿವೆ. ಭೂಮಿಯ ಮೇಲಿನ ಬಿಸಿಗೆ ಯಾವ ಡಿಸ್ಕೂ ತಡೆಯುವುದಿಲ್ಲವೆಂದು, ಇಪ್ಪತ್ತು ಅಡಿ ಕೆಳಗೆ, ಸುಣ್ಣ ಬಳಿದ ತಂಪು ಕೋಣೆಗಳಲ್ಲಿ ಅವನ್ನು ಇಡುತ್ತೇವೆ. ಕಪ್ಪತಗುಡ್ಡದ ಗಾಳಿಯಂತ್ರಗಳು ತಿರುಗಿದ ದಿನ ಯಂತ್ರ ಹಚ್ಚಿ ಓದುತ್ತೇವೆ, ಗಾಳಿ ನಿಂತ ದಿನ ಧೂಳು ಒರೆಸುತ್ತೇವೆ. ನನ್ನ ಕೆಲಸ ಅಲ್ಲಿ. ನೀವು ಬಳಸುತ್ತಿದ್ದ ತಂತ್ರಾಂಶ ಇನ್ನೂ ನಡೆಯುತ್ತದೆ ಎಂದರೆ ನಿಮಗೆ ಸಂತೋಷವಾಗಬಹುದು. ಬಾಡಿಗೆಗೆ ಸಿಗುತ್ತಿದ್ದ ದೊಡ್ಡ ತಂತ್ರಾಂಶಗಳೆಲ್ಲ ಬಾಗಿಲು ಹಾಕಿಕೊಂಡವು. ಅವುಗಳಲ್ಲಿ ಮಾಡಿಟ್ಟ ಚಿತ್ರಗಳು ಒಳಗೇ ಉಳಿದವು. ನಿಮ್ಮದು ಮಾತ್ರ ಯಾರು ಬೇಕಾದರೂ ಬಿಚ್ಚಿ ನೋಡಬಹುದಾದದ್ದು. ಹಾಗಾಗಿ ಕೆಟ್ಟಾಗಲೆಲ್ಲ ಯಾರೋ ಒಬ್ಬರು ಬಿಚ್ಚಿ ರಿಪೇರಿ ಮಾಡುತ್ತ, ಒಬ್ಬರ ಕೈಯಿಂದ ಒಬ್ಬರ ಕೈಗೆ, ಇಲ್ಲಿಯವರೆಗೆ ಬಂದಿದೆ. ತೆರೆಯುವಾಗ ತುಂಬ ಹೊತ್ತು ತೆಗೆದುಕೊಳ್ಳುವ ಚಾಳಿ ಮಾತ್ರ ಬಿಟ್ಟಿಲ್ಲ.

ಈಗ ನೆರಳಿನ ಮಾತು. ನಮ್ಮ ಊರಿನ ಓಣಿಗಳ ಮೇಲೆಲ್ಲ ಬಟ್ಟೆ ಕಟ್ಟಿದೆ. ಓಣಿಚಪ್ಪರ ಎನ್ನುತ್ತೇವೆ. ಬೆಟಗೇರಿಯ ಮಗ್ಗಗಳು ಈಗ ಸೀರೆಗಿಂತ ಅದನ್ನೇ ಹೆಚ್ಚು ನೇಯುವುದು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಸಂತೆಯಿಂದ ಸ್ಟೇಷನ್‌ವರೆಗೆ, ಆ ಬಟ್ಟೆಯ ಕೆಳಗೇ ನಡೆಯಬೇಕು. ಹನ್ನೊಂದು ಗಂಟೆಯಿಂದ ನಾಲ್ಕರವರೆಗೆ ಅದರ ಕೆಳಗೂ ಯಾರೂ ಓಡಾಡುವುದಿಲ್ಲ. ಹೀಗಾಗಿ ನಮ್ಮ ಜನಕ್ಕೆ ತಮ್ಮ ನೆರಳನ್ನು ನೋಡಿಕೊಳ್ಳುವ ರೂಢಿಯೇ ತಪ್ಪಿದೆ. ನಮ್ಮ ಮಕ್ಕಳು ನೆರಳಾಟ ಆಡುವುದಿಲ್ಲ. ದಿನಬಳಕೆಯಿಂದ ಹೋದ ವಸ್ತುವಿಗೆ ಪರಿಣತರು ಹುಟ್ಟಿಕೊಳ್ಳುತ್ತಾರಲ್ಲ, ನೆರಳಿಗೂ ಹುಟ್ಟಿಕೊಂಡರು. ಅವರಿಗೆ ನೆರಳುಗಾರರೆಂದು ಹೆಸರು.

ಅವರು ಬೇಕಾದದ್ದು ನಿಮ್ಮ ಕಾಲದವರ ಒಂದು ಪದ್ಧತಿಯಿಂದ. ಮನೆಯಲ್ಲಿ ಮದುವೆಯೋ ಬಸುರಿಯ ಕುಬಸವೋ ಆದಾಗ, ಅಷ್ಟರಲ್ಲಿ ತೀರಿಕೊಂಡಿದ್ದ ತಂದೆಯನ್ನೋ ಅಕ್ಕನನ್ನೋ ಬೇರೆ ಫೋಟೊದಿಂದ ಕತ್ತರಿಸಿ ತಂದು ಸಾಲಿನಲ್ಲಿ ನಿಲ್ಲಿಸಿ ಕೊಡಿ ಎಂದು ಸ್ಟುಡಿಯೊದವರನ್ನು ಕೇಳುತ್ತಿದ್ದರು. ಅವರು ನಿಲ್ಲಿಸಿ ಕೊಡುತ್ತಿದ್ದರು. ಆ ಫೋಟೊಗಳು ನಮ್ಮ ಕೈಗೆ ಬಂದಾಗ ಯಾರು ಇದ್ದವರು, ಯಾರು ಹೋದವರು ಎಂದು ತಿಳಿಯದಾಯಿತು. ಕತ್ತರಿಸಿ ಅಂಟಿಸಿದವರಿಗೆ ನೆರಳು ಹಾಕಲು ಸ್ಟುಡಿಯೊದವರು ಮರೆತಿರುತ್ತಾರೆ ಎಂದು ಯಾರೋ ಕಂಡುಹಿಡಿದರು. ಅಲ್ಲಿಂದ ಅದೇ ನಿಯಮವಾಯಿತು. ನಾವು ಹಿರಿಯರ ಚಿತ್ರಗಳನ್ನು ಹಂಚಿನ ಮೇಲೆ ಸುಟ್ಟು ಗೋಡೆಗೆ ಕೂರಿಸುತ್ತೇವೆ. ಕಾಗದ ಮಾಸುತ್ತದೆ, ಕಡತ ಕೆಡುತ್ತದೆ, ಹಂಚು ಉಳಿಯುತ್ತದೆ. ಹಂಚುಚಿತ್ರದಲ್ಲಿ ಎರಡು ಸಾಲು: ಫೋಟೊ ತೆಗೆದ ದಿನ ಬದುಕಿದ್ದವರು ಕೆಳಸಾಲಿಗೆ, ಆಗಲೇ ತೀರಿಕೊಂಡಿದ್ದವರು ಮೇಲ್ಸಾಲಿಗೆ. ನೆರಳುಗಾರ ನೋಡಿ ಹೇಳಿದ ಮೇಲೆಯೇ ಭಟ್ಟಿಗೆ ಹಾಕುವುದು. ಒಮ್ಮೆ ಸುಟ್ಟಿತೆಂದರೆ ಮುಗಿಯಿತು. ನಿಮ್ಮ ‘ಅನ್‌ಡೂ’ ಅಲ್ಲಿ ನಡೆಯುವುದಿಲ್ಲ.

ನಮ್ಮ ಮನೆಯಲ್ಲಿ ನಿಮ್ಮ ಕಾಲದ ಒಂದೇ ಒಂದು ಫೋಟೊ ಇದೆ. ಸುಣ್ಣ ಬಳಿದ ಗೋಡೆಯ ಮುಂದೆ ನಿಮ್ಮ ಅಪ್ಪ, ಅವ್ವ, ತಮ್ಮ, ಹಸಿರು ಸೀರೆಯುಟ್ಟ ಬಸುರಿ ನಾದಿನಿ. ಬಲತುದಿಯಲ್ಲಿ ನೀವು. ಉಳಿದ ನಾಲ್ವರ ಬೆನ್ನಿಗೂ ಗೋಡೆಯ ಮೇಲೆ ತೆಳ್ಳನೆಯ ನೆರಳಿದೆ, ನಿಮಗಿಲ್ಲ. ಎಲ್ಲರೂ ರೇಷ್ಮೆಯಲ್ಲಿ, ನೀವೊಬ್ಬರು ಸಾದಾ ಚೂಡಿದಾರದಲ್ಲಿ, ಕೊರಳಲ್ಲಿ ನೀಲಿ ಪಟ್ಟಿ. ನಾದಿನಿಯ ಕುಬಸಕ್ಕೆ ಮೊದಲೇ ತೀರಿಹೋದ ಅಕ್ಕ ಎಂದು ನೆರಳುಗಾರರು ಹೇಳಿದ್ದು ನಮ್ಮ ಅಜ್ಜಿಯ ಕಾಲದಲ್ಲಿ. ಆ ನೀಲಿ ಪಟ್ಟಿ ಆಗಿನ ಕಾಲದಲ್ಲಿ ಹೆಣಕ್ಕೆ ಹಾಕುತ್ತಿದ್ದ ದಾರವಿರಬೇಕು ಎಂದೂ ಸೇರಿಸಿದರಂತೆ. ಅದು ಆಫೀಸಿನ ಗುರುತುಪತ್ರದ ಪಟ್ಟಿ ಎಂದು ಹೇಳುವವರು ಯಾರಿದ್ದರು?

ಅಂದಿನಿಂದ ಮಹಾಲಯ ಅಮಾವಾಸ್ಯೆಯ ದಿನ ನಿಮಗೊಂದು ಎಡೆ. ಅದನ್ನು ಅರವತ್ತು ವರ್ಷದಿಂದ ಹಿಡಿಯುತ್ತ ಬಂದವಳು ನನ್ನ ಸೋದರತ್ತೆ ಶಿವಲೀಲವ್ವ. ಈಗ ಎಂಬತ್ತೆರಡು. ಮದುವೆಯಾಗಲಿಲ್ಲ. ಮಗ್ಗದ ಮನೆಯಲ್ಲಿ ಲೆಕ್ಕವಿಲ್ಲದಷ್ಟು ಓಣಿಗಳಿಗೆ ಚಪ್ಪರ ನೇಯ್ದವಳು. ಎಳೆಯ ವಯಸ್ಸಿನಲ್ಲಿ ಹೋದವಳು ಎಂದು ನಿಮ್ಮ ಎಲೆಗೆ ಸಿಹಿ ಮಾದಲಿಯ ಮೇಲೆ ತುಪ್ಪ ಒಂದು ಮಿಳ್ಳೆ ಹೆಚ್ಚು. ಜ್ವರ ಬಂದರೆ, ಮಗ್ಗ ತೊಂದರೆ ಕೊಟ್ಟರೆ, ಮನೆಯವರ ಮೇಲೆ ಸಿಟ್ಟು ಬಂದರೆ, ಫೋಟೊದ ಮುಂದೆ ನಿಂತು ನಿಮಗೇ ಹೇಳುವುದು. ‘ನೋಡ ಇಂದವ್ವಾ, ನಿನ್ನ ಮೊಮ್ಮಕ್ಕಳ ಬುದ್ಧಿ’ ಎಂದು ಅವಳು ಶುರು ಮಾಡಿದರೆ ನಾವೆಲ್ಲ ಅಡುಗೆಮನೆಗೆ ಸರಿದುಕೊಳ್ಳುತ್ತಿದ್ದೆವು. ಅವಳಿಗೆ ಗೆಳತಿ ಎಂದು ಇದ್ದವರು ನೀವೇ. ಕಾಗದ ಮಾಸುತ್ತಿದೆ, ನಾನು ಕಣ್ಣು ಮುಚ್ಚುವುದರೊಳಗೆ ಇಂದವ್ವನನ್ನು ಹಂಚಿನ ಮೇಲೆ ನೋಡಬೇಕು ಎಂದು ಅವಳು ಹಟ ಹಿಡಿದಳು. ಮುಂಗಾರಿನ ಭಟ್ಟಿ ಹಚ್ಚುವುದು ಜೂನ್ ಇಪ್ಪತ್ತೊಂಬತ್ತಕ್ಕೆ. ಬಣ್ಣ ಮಾಸಿರದ ಪ್ರತಿಯೇನಾದರೂ ಸಿಗಬಹುದೇ ಎಂದು ನಾನು ಹಗೇವಿನಲ್ಲಿ ಹುಡುಕಲು ಇಳಿದೆ.

ಸಿಕ್ಕಿದ್ದು ಪ್ರತಿಯಲ್ಲ, ನಿಮ್ಮ ಕೆಲಸದ ಕಡತವೇ. ನೀವು ‘ಲೇಯರ್’ ಎನ್ನುತ್ತಿದ್ದ ಪದರಗಳ ಸಮೇತ. ಅದರ ಜೊತೆಗೆ ನೀವು ಕೇಳಿದ ಪ್ರಶ್ನೆ. ಅದರ ಪೂರ್ತಿ ಸಾಲುಗಳು ನಿಮಗೆ ಮರೆತಿರಬಹುದು, ನನಗೆ ಬಾಯಿಪಾಠವಾಗಿವೆ: ‘ತಮ್ಮನ ಹೆಂಡತಿಯ ಕುಬಸದ ಫೋಟೊ. ತೆಗೆದದ್ದು ನಾನೇ, ಹಾಗಾಗಿ ಅದರಲ್ಲಿ ನಾನಿಲ್ಲ. ನಮ್ಮ ಮನೆಯ ಯಾವ ಫೋಟೊದಲ್ಲೂ ನಾನಿಲ್ಲ. ಆಫೀಸಿನ ಒಂದು ಫೋಟೊದಿಂದ ನನ್ನನ್ನು ಕತ್ತರಿಸಿ ಸೇರಿಸಿಕೊಂಡಿದ್ದೇನೆ. ಎಲ್ಲರ ಹಿಂದೆಯೂ ಗೋಡೆಯ ಮೇಲೆ ನೆರಳಿದೆ. ನನಗೆ ಎಷ್ಟು ಸಲ ಹಾಕಿದರೂ ಬರುತ್ತಿಲ್ಲ. ನೋಡಿದವರಿಗೆ ನಾನು ಅಲ್ಲಿ ಇರಲಿಲ್ಲ ಅನ್ನಿಸುತ್ತದೆ.’

ಕಡತವನ್ನು ಯಂತ್ರಕ್ಕೆ ಹಚ್ಚಿ ತೆರೆದೆ. ನಿಮ್ಮ ಪದರಗಳ ಹೆಸರು ಮೇಲಿನಿಂದ ಓದತೊಡಗಿದೆ: ನಾನು, ನಾನು ನಕಲು, ನಾನು ನಕಲು ೧, ನೆರಳು, ನೆರಳು ಮತ್ತೊಮ್ಮೆ, ನೆರಳು ಸಾಕಾತು. ಇಂಥವೇ ಒಟ್ಟು ಹನ್ನೊಂದು ಇದ್ದವು, ಅಷ್ಟು ಸಲ ಪ್ರಯತ್ನಿಸಿದ್ದೀರಿ. ನಗು ಬಂತು, ಆಮೇಲೆ ನಗು ನಿಂತಿತು.

ಮೊದಲು ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುತ್ತೇನೆ. ನೀವೇನೂ ತಪ್ಪು ಮಾಡಿರಲಿಲ್ಲ. ಕತ್ತರಿಸಿ ಅಂಟಿಸಿದ ಆಕೃತಿ ತನ್ನಷ್ಟೇ ಅಗಲದ ಒಂದು ಪದರವಾಗಿ ಕೂರುತ್ತದೆ. ಅದರ ಸುತ್ತ ಹಳದಿ-ಕಪ್ಪು ಚುಕ್ಕೆಗಳ ಗೆರೆಯೊಂದು ಕಂಡಿರಬೇಕು, ಅದೇ ಅದರ ಗಡಿ. ನೀವು ತುಂಬ ಒತ್ತಿ, ಮೈಗೆ ಅಂಟಿಸಿದಂತೆ ಕತ್ತರಿಸಿದ್ದೀರಿ. ನೆರಳು ಬಿದ್ದದ್ದು ಗಡಿಯ ಆಚೆಗೆ, ಹಾಗಾಗಿ ಬಿದ್ದಲ್ಲೇ ಕತ್ತರಿಸಿಹೋಯಿತು. ಪದರಗಳ ಪಟ್ಟಿಯಲ್ಲಿ ‘ನಾನು’ ಎಂಬುದನ್ನು ಆರಿಸಿ, ಮೇಲಿನ ಸಾಲಿನಲ್ಲಿ ಪದರವನ್ನು ಚಿತ್ರದಷ್ಟೇ ದೊಡ್ಡದು ಮಾಡುವ ಆಯ್ಕೆಯನ್ನು ಒತ್ತಿ. ಗಡಿ ಚಿತ್ರದ ಅಂಚಿಗೆ ಸರಿಯುತ್ತದೆ. ಆಮೇಲೆ ನೆರಳು ಹಾಕಿ. ಉಳಿದವರ ನೆರಳು ಬಲಕ್ಕೆ ನಾಲ್ಕು ಬೆರಳು ಸರಿದಿದೆ, ನಿಮ್ಮದೂ ಅಷ್ಟೇ ಸರಿಯಲಿ. ಅಂಚು ಸ್ವಲ್ಪ ಮಸುಕಾಗಲಿ. ತೀರ ಕಪ್ಪು ಬೇಡ, ಅರ್ಧಕ್ಕಿಂತ ಕಡಿಮೆ ಇಡಿ. ಸುಣ್ಣದ ಗೋಡೆಯ ಮೇಲಿನ ನೆರಳು ನೀಲಿಗೆ ತಿರುಗಿರುತ್ತದೆ. ನಾನು ಹಾಗೆಯೇ ಮಾಡಿದೆ. ನಿಮ್ಮ ಹೆಗಲ ಹಿಂದಿನಿಂದ ನೆರಳು ಮೆಲ್ಲಗೆ ಗೋಡೆಯ ಮೇಲೆ ಬಂತು. ನೀವು ನಿಂತಿರಿ. ಅಷ್ಟು ಸುಲಭದ ಕೆಲಸವಾಗಿತ್ತು, ಇಂದವ್ವ. ಯಾರಾದರೂ ಒಂದು ಸಾಲು ಬರೆದಿದ್ದರೆ ಸಾಕಿತ್ತು.

ಸಂಜೆ ಅತ್ತೆಗೆ ಹೇಳಿದೆ. ಸಂತೋಷದ ಸುದ್ದಿ ತಂದಿದ್ದೇನೆ ಎಂಬ ಹುಮ್ಮಸ್ಸಿನಲ್ಲಿ ಹೇಳಿದೆ. ಜೋಳದ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿದಳು.

‘ಸತ್ತಿರಲಿಲ್ಲ ಅಂದ್ರ?’

‘ಅಂದ್ರ ಆವತ್ತು ಬದುಕಿದ್ಲು ಅತ್ತೀ. ಫೋಟೊ ತಗದಾಕೀನ ಆಕಿ.’

‘ಅರವತ್ತು ವರ್ಷ ಎಡೆ ಹಿಡದೀನಿ. ಬದುಕಿದಾಕಿಗೆ ಹಿಡದೆ ಏನು? ಇದರ ಪಾಪ ಯಾರಿಗೆ ಬರ್ತೈತಿ, ನನಗೋ ಆಕಿಗೋ?’

‘ಹೆಂಗಿದ್ರೂ ಈಗ ಸತ್ತಾಳಲ್ಲ ಅತ್ತೀ. ಫೋಟೊ ತಗದು ನೂರಾ ಇಪ್ಪತ್ತಾರು ವರ್ಷ ಆತು.’

‘ಅದು ಬ್ಯಾರೆ ಮಾತು’ ಎಂದಳು. ಹಿಟ್ಟು ಮತ್ತೆ ನಾದಿದಳು, ಮತ್ತೆ ನಿಲ್ಲಿಸಿದಳು. ‘ನೀಲಾ, ಸತ್ತಾಕಿ ಮನ್ಯಾಗ ಇರ್ತಾಳವಾ. ಎಲ್ಲೀ ಹೋಗಂಗಿಲ್ಲ. ಬದುಕಿದ್ಲು ಅಂದ್ರ ಮುಂದ ಎಲ್ಲಿ ಹ್ವಾದ್ಲು, ಯಾರ ಮನಿ ಸೇರಿದ್ಲು, ಯಾರ ಕೈಯಾಗ ಸತ್ಲು, ಇವನೆಲ್ಲ ಈಗ ನಾ ಯಾರನ್ನ ಕೇಳ್ಲಿ? ನೆಳ್ಳ ಹಾಕಿ ನನ್ನ ಇಂದವ್ವನ್ನ ಕಳೀಬ್ಯಾಡ.’

ಆ ರಾತ್ರಿ ಅವಳು ಉಣ್ಣಲಿಲ್ಲ. ಅವಳು ಕೇಳಿದ ಪ್ರಶ್ನೆ ನನ್ನದೂ ಆಯಿತು. ಹಗೇವಿನಲ್ಲಿ ನಿಮ್ಮನ್ನು ಹುಡುಕಿದೆ. ನಿಮ್ಮ ಕೊರಳಿನ ಗುರುತುಪತ್ರವನ್ನು ಹಿಗ್ಗಿಸಿ ನೋಡಿದೆ, ಯಾವ ಊರು, ಯಾವ ಆಫೀಸು ಎಂದು. ಹತ್ತಿರ ಹೋದಷ್ಟೂ ಅಕ್ಷರಗಳು ಚೌಕಗಳಾದವು, ಚೌಕಗಳು ಬರೀ ಬಣ್ಣವಾದವು. ಚರ್ಚಾಪುಟದಲ್ಲಿ ಆ ‘ಯಾರಾದರೂ ಇದ್ದೀರಾ’ ನಿಮ್ಮ ಕೊನೆಯ ಮಾತು. ಅದರಾಚೆ ನಿಮ್ಮ ಬದುಕಿನ ಒಂದು ಸಾಲೂ ನನಗೆ ಸಿಗಲಿಲ್ಲ. ತೀರಿಕೊಂಡವರೆಂದು ನಂಬಿದ್ದಕ್ಕೆ ಯಾರೂ ನಿಮ್ಮ ಮುಂದಿನ ಕಥೆಯನ್ನು ಇಟ್ಟುಕೊಳ್ಳಲಿಲ್ಲ. ಒಂದು ಪದರ ನಾಲ್ಕು ಬೆರಳು ಚಿಕ್ಕದಾದದ್ದಕ್ಕೆ ಒಬ್ಬ ಹೆಂಗಸಿನ ಉಳಿದ ಆಯುಷ್ಯವೆಲ್ಲ ಹೊರಗುಳಿಯಿತು.

ಭಟ್ಟಿಗೆ ಇನ್ನು ನಾಲ್ಕು ದಿನ. ಕಡತವನ್ನು ಕೊನೆಯ ಸಲ ನೋಡುವಾಗ ಒಂದು ಕಲ್ಲು ನನ್ನ ಕಣ್ಣಿಗೆ ಬಿತ್ತು. ಚಿತ್ರದ ಕೆಳಭಾಗದಲ್ಲಿ, ಅಂಗಳದ ಮಣ್ಣಿನಲ್ಲಿ, ಬೆಂಡೆಬೀಜದಷ್ಟು ಚಿಕ್ಕ ಬಿಳಿ ಕಲ್ಲು. ಅದರ ಪಕ್ಕ ಚೆಂಡುಹೂವಿನ ಒಂದು ಎಸಳು. ಸ್ವಲ್ಪ ಆಚೆ ಅದೇ ಕಲ್ಲು, ಅದೇ ಎಸಳು. ಇನ್ನೂ ಆಚೆ ಮತ್ತೆ ಅವೇ. ಎಣಿಸಿದರೆ ಐದು ಕಡೆ. ಒಂದು ಕಡೆಯ ನೆಲವನ್ನು ಎತ್ತಿ ಇನ್ನೊಂದು ಕಡೆ ಬಳಿಯುವ ಕುಂಚ, ನಿಮ್ಮವರು ಕ್ಲೋನ್ ಎನ್ನುತ್ತಿದ್ದದ್ದು, ಅದರ ಗುರುತು. ನೀವು ಅಲ್ಲಿ ಏನನ್ನೋ ಒರೆಸಿ, ಮೇಲೆ ಮಣ್ಣು ಬಳಿದಿದ್ದೀರಿ. ಎಲ್ಲಕ್ಕಿಂತ ಕೆಳಗೆ ‘ಎಲ್ಲಾರೂ ಮೂಲ’ ಎಂಬ ಪದರವಿತ್ತು. ಪದರವನ್ನು ತೋರಿಸುವ ಕಣ್ಣಿನ ಗುರುತು ಅಲ್ಲಿ ಮುಚ್ಚಿತ್ತು. ಕಣ್ಣು ತೆರೆಸಿದೆ, ಮೇಲಿನವನ್ನು ಒಂದೊಂದಾಗಿ ಮುಚ್ಚಿದೆ.

ಅಂಗಳದ ಮಣ್ಣಿನ ಮೇಲೆ, ಚಿತ್ರದ ಕೆಳ ಅಂಚಿನಿಂದ ಎದ್ದು, ನಿಮ್ಮ ಅವ್ವನ ಪಾದದವರೆಗೆ ಚಾಚಿಕೊಂಡು ಒಂದು ಉದ್ದನೆಯ ನೆರಳು. ಉದ್ದ ಲಂಗದಂಥದೇನೋ, ಸೊಂಟ, ಜಡೆ ಇಳಿಬಿಟ್ಟ ಹೆಗಲು. ತಲೆಯ ಎರಡೂ ಪಕ್ಕ ರೆಕ್ಕೆಯಂತೆ ಎರಡು ಕೋನಗಳು. ಅವು ಏನೆಂದು ನನಗೆ ತಿಳಿಯಲಿಲ್ಲ. ನೆರಳು ನೋಡಿ ರೂಢಿಯಿಲ್ಲದವಳು ನಾನು.

ಮರುದಿನ ಬೆಳಿಗ್ಗೆ ಆರೂವರೆಗೆ, ಆ ಚಿತ್ರದ ಪ್ರತಿ ಹಿಡಿದುಕೊಂಡು, ಅತ್ತೆಯ ಕೈ ಹಿಡಿದುಕೊಂಡು, ಓಣಿಚಪ್ಪರ ಮುಗಿಯುವ ಕಡೆ ಹೋದೆ. ಬಯಲಿಗೆ ಬಂದೊಡನೆ ನಮ್ಮಿಬ್ಬರ ಮುಂದೆ ಎರಡು ನೆರಳು ಬಿದ್ದವು. ಅತ್ತೆ ತನ್ನದನ್ನು ನೋಡಿ, ‘ಅಯ್ಯ, ಇಷ್ಟ ಬಾಗೀನೇನ ನಾನು?’ ಎಂದಳು. ನಾನು ಸೂರ್ಯನಿಗೆ ಬೆನ್ನು ಹಾಕಿ ನಿಂತೆ. ಕೈ ಜೋಡಿಸಿ ನೋಡಿದೆ, ಸೆರಗು ಹಿಡಿದು ನೋಡಿದೆ, ಸೊಂಟದ ಮೇಲೆ ಕೈಯಿಟ್ಟು ನೋಡಿದೆ. ಯಾವುದೂ ಹೊಂದಲಿಲ್ಲ. ಅತ್ತೆ ಚಿತ್ರವನ್ನು ಮುಖದ ಹತ್ತಿರ ಹಿಡಿದು, ನೆಲ ನೋಡುತ್ತ, ನೇಯುವಾಗ ಎಳೆ ತಪ್ಪಿದ್ದು ಹುಡುಕುವವಳ ಹಾಗೆ ಕಣ್ಣು ಕಿರಿದು ಮಾಡಿದಳು.

‘ಎರಡೂ ಕೈ ಮ್ಯಾಲ ಎತ್ತು. ಅಷ್ಟ ಅಲ್ಲ. ಕಣ್ಣಿನ ಮುಂದ ಏನರ ಹಿಡಕೋ, ಗಿಂಡಿ ಹಿಡದಂಗ.’

ಹಿಡಿದೆ. ನೆಲದ ಮೇಲೆ ನನ್ನ ಎರಡು ಮೊಣಕೈ ರೆಕ್ಕೆಗಳಾದವು. ಚಿತ್ರದಲ್ಲಿದ್ದದ್ದೇ ಆಕಾರ. ಕ್ಯಾಮೆರಾ ಹಿಡಿದು ನಿಂತ ಹೆಂಗಸು.

ಅತ್ತೆ ಚಿತ್ರವನ್ನು ಕೆಳಗಿಳಿಸಿದಳು. ಆಮೇಲೆ ಮೆಲ್ಲಗೆ ಬಂದು, ನನ್ನ ನೆರಳಿನ ತಲೆಯನ್ನು ತುಳಿಯದಂತೆ ಸುತ್ತು ಹಾಕಿ, ನನ್ನ ಪಕ್ಕ ನಿಂತಳು. ‘ಹುಚ್ಚಿ’ ಎಂದಳು. ನನಗಲ್ಲ. ‘ದೇವರು ಕೊಟ್ಟ ನೆಳ್ಳ ಇಷ್ಟುದ್ದ ಬಿದ್ದಿತ್ತಲ್ಲ. ಅದನ್ನ ಒರಸಿ, ಹುಸಿ ನೆಳ್ಳ ಬರಲಿಲ್ಲ ಅಂತ ಮಂದೀನ ಕೇಳ್ಕ್ಯಾಂತ ಕುಂತಿದ್ಲೇನ?’

ಇಂದವ್ವ, ಈ ಮಾತನ್ನು ಬೈಗುಳವೆಂದು ತಿಳಿಯಬೇಡಿ. ಫೋಟೊದಲ್ಲಿ ತೆಗೆದವರ ನೆರಳು ಬಿದ್ದರೆ ಫೋಟೊ ಕೆಟ್ಟಿತೆಂದು ನಿಮ್ಮ ಕಾಲದವರು ತಿಳಿಯುತ್ತಿದ್ದರು. ಮೊದಲು ಅದನ್ನು ತೆಗೆದು ಸ್ವಚ್ಛ ಮಾಡು ಎಂದೇ ಎಲ್ಲ ಪಾಠಗಳಲ್ಲೂ ಇದೆ, ನಾನು ಓದಿದ್ದೇನೆ. ನೀವು ಪಾಠ ಹೇಳಿದಂತೆ ಮಾಡಿದಿರಿ. ಅದೇ ಪಾಠದಲ್ಲಿ ಇನ್ನೊಂದು ಮಾತಿತ್ತು: ಮೂಲವನ್ನು ಮುಟ್ಟಬೇಡ, ನಕಲಿನ ಮೇಲೆ ಕೆಲಸ ಮಾಡು. ಅದನ್ನೂ ಪಾಲಿಸಿದ್ದಿರಿ. ಕಡತವನ್ನು ಮಡಚಿ ಒಂದೇ ಪದರ ಮಾಡಿ ಇಟ್ಟಿದ್ದರೆ ಇಂದು ನನಗೆ ಐದು ಕಲ್ಲುಗಳು ಮಾತ್ರ ಸಿಗುತ್ತಿದ್ದವು.

ಇನ್ನು ಹಂಚಿನ ಮೇಲೆ ಏನನ್ನು ಸುಡುವುದು? ಮೂಲದಲ್ಲಿ ನಿಮ್ಮ ನೆರಳಿದೆ, ಮುಖವಿಲ್ಲ. ನೀವು ಮಾಡಿದ್ದರಲ್ಲಿ ಮುಖವಿದೆ, ನೆರಳಿಲ್ಲ. ನಾನು ಮಾಡಿದ್ದರಲ್ಲಿ ಎರಡೂ ಇವೆ, ಆದರೆ ಆ ನೆರಳು ನನ್ನದು, ನಿಮ್ಮದಲ್ಲ. ಅತ್ತೆಯನ್ನು ಹಗೇವಿಗೆ ಇಳಿಸಿಕೊಂಡು ಹೋದೆ. ಅವಳು ಅಲ್ಲಿಗೆ ಬಂದದ್ದು ಅದೇ ಮೊದಲು. ಶಾಲು ಹೊದ್ದು ಯಂತ್ರದ ಮುಂದೆ ಕೂತಳು. ಒಂದೊಂದೇ ಪದರದ ಕಣ್ಣು ತೆರೆದು, ಮುಚ್ಚಿ ತೋರಿಸಿದೆ. ನೀವು ಬಂದಿರಿ, ಹೋದಿರಿ, ಬಂದಿರಿ. ಒಮ್ಮೆ ನೀವು ಹೋದಾಗ ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು.

‘ಮುಖ ತಗೀಬ್ಯಾಡ’ ಎಂದಳು. ‘ಮಾತಾಡಿದ್ದು ಅದರ ಕೂಡ. ಗ್ವಾಡಿ ಮ್ಯಾಲಿಂದು ನೀ ಹಾಕಿದ್ದು ಬ್ಯಾಡ. ನೆಲದ ಮ್ಯಾಲಿಂದು ಇರ್ಲಿ. ಒಬ್ಬಾಕಿಗೆ ಒಂದ ನೆಳ್ಳ ಸಾಕು.’

‘ಆಕಿ ಬಲಕ್ಕ, ನೆಳ್ಳ ನಡುವ. ಕೂಡಂಗಿಲ್ಲ ಅತ್ತೀ.’

‘ಯಾರರ ಎಲ್ಲಿ ಕೂಡ್ಯಾರವಾ? ಇರ್ಲಿ ಬಿಡು.’

ಹಾಗೆಯೇ ಮಾಡಿದೆ. ನೀವು ಒರೆಸಿದ ಪದರವನ್ನು ಮುಚ್ಚಿದೆ, ಮೂಲವನ್ನು ತೆರೆದೆ, ಮೇಲೆ ನಿಮ್ಮನ್ನು ಉಳಿಸಿದೆ. ಗುರುತುಪತ್ರವೂ ಇರಲಿ ಎಂದು ಬಿಟ್ಟೆ. ನಮ್ಮ ಓಣಿಯ ನೆರಳುಗಾರ ಮಲ್ಲಾರಿ ಮಾಸ್ತರರು ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು. ‘ಏನ್ರೀ ನೀಲಕ್ಕ, ಗ್ವಾಡಿ ನೋಡಿದ್ರ ಮ್ಯಾಲಿನ ಸಾಲು, ನೆಲ ನೋಡಿದ್ರ ಕೆಳಗಿನ ಸಾಲು. ಈ ಹೆಣ್ಣಮಗಳನ್ನ ನಾ ಎಲ್ಲಿ ಕುಂದರಿಸ್ಲಿ?’ ಎಂದರು. ಅತ್ತೆ ಅವರಿಗೆ, ‘ನೀ ಏನ್ ಕುಂದರಸ್ತೀಯೋ ಮಲ್ಲಾರಿ, ಆಕಿ ನಿಂತಾಳ’ ಎಂದಳು. ಮಾಸ್ತರರು ನಕ್ಕು ಒಪ್ಪಿದರು, ಭಟ್ಟಿಗೆ ಕಳಿಸುವ ಚೀಟಿಯಲ್ಲಿ ಸಾಲು ಎಂಬಲ್ಲಿ ಏನನ್ನೂ ಬರೆಯಲಿಲ್ಲ. ಸಾಲು ಬರೆಯದ ಹಂಚನ್ನು ಒಳಗೋಡೆಗೆ ಕೂರಿಸುವಂತಿಲ್ಲ. ಹಾಗಾಗಿ ತಲಬಾಗಿಲ ಪಕ್ಕ, ಹೊರಗೋಡೆಗೆ, ಆಳೆತ್ತರದಲ್ಲಿ ಕೂರಿಸಿದೆವು. ಬರುವ ಮಹಾಲಯ ಅಮಾವಾಸ್ಯೆಗೆ ಎಡೆ ಹಿಡಿಯುತ್ತೀಯಾ ಎಂದು ಅತ್ತೆಯನ್ನು ಕೇಳಲು ನನಗೆ ಧೈರ್ಯವಾಗಿಲ್ಲ.

ನಿಮ್ಮಲ್ಲಿ ಒಂದೇ ಕೋರಿಕೆ. ಈ ಉತ್ತರ ಹೇಗಾದರೂ ನಿಮ್ಮನ್ನು ಮುಟ್ಟಿದರೆ, ಆ ಚೌಕದ ಕೆಳಗೆ ಇನ್ನೊಂದು ಚೌಕ ತೆರೆದಿರುತ್ತದೆ. ಅದರಲ್ಲಿ ನೀವು ಮುಂದೆ ಎಲ್ಲಿಗೆ ಹೋದಿರಿ ಎಂದು ಒಂದು ಸಾಲು ಬರೆಯಿರಿ. ಊರಿನ ಹೆಸರಾದರೂ ಸಾಕು. ಮದುವೆ, ಮಕ್ಕಳು, ಕೆಲಸ ಎಂದೇನೂ ಬೇಡ. ಬೆಳಿಗ್ಗೆ ಬಾಗಿಲು ತೆರೆದರೆ ಎದುರಿಗೆ ಏನು ಕಾಣುತ್ತಿತ್ತು ಎಂದಷ್ಟೇ ಬರೆದರೂ ಅತ್ತೆ ಅದನ್ನು ವರ್ಷಗಟ್ಟಲೆ ಇಟ್ಟುಕೊಳ್ಳುತ್ತಾಳೆ. ಅವಳಿಗೆ ವರ್ಷಗಳು ಹೆಚ್ಚಿಲ್ಲ. ನಾನೂ ಇಟ್ಟುಕೊಳ್ಳುತ್ತೇನೆ. ಮುಂದೆ ಯಾವುದಾದರೂ ಫೋಟೊದಲ್ಲಿ ನಿಮ್ಮ ನೆರಳು ನೆಲಕ್ಕೆ ಬಿದ್ದು ಎಲ್ಲರ ಕಾಲ ಹತ್ತಿರ ಹೋಗಿ ಮುಟ್ಟಿದರೆ, ಅದನ್ನು ಹಾಗೆಯೇ ಬಿಡಿ. ಫೋಟೊ ಕೆಟ್ಟಿತೆಂದು ಯಾರಾದರೂ ಹೇಳಿದರೆ ಹೇಳಲಿ.

ಇವತ್ತು ಬೆಳಿಗ್ಗೆ, ಹಂಚಿನ ಸುತ್ತ ಸುಣ್ಣ ಇನ್ನೂ ಹಸಿಯಿರುವಾಗ, ಪಕ್ಕದ ಮನೆಯ ಹುಸೇನಬಿ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದರು. ಅವರಿಗೆ ಈ ಕಥೆ ಒಂದೂ ಗೊತ್ತಿಲ್ಲ. ಬಾಗಿಲಲ್ಲಿ ನಿಂತು ಹಂಚಿನ ಮೇಲಿನ ನಾಲ್ವರನ್ನು ನೋಡಿದರು, ನಿಮ್ಮನ್ನು ನೋಡಿದರು. ಆಮೇಲೆ ಬಗ್ಗಿ, ಕೆಳ ಅಂಚಿನಿಂದ ಎದ್ದು ನಿಮ್ಮ ಅವ್ವನ ಪಾದದ ಕಡೆ ಚಾಚಿದ ನೆರಳಿನ ಮೇಲೆ ಬೆರಳಿಟ್ಟರು. ತಿರುಗಿ ಹಿಂದೆ, ಖಾಲಿ ಓಣಿಯ ಕಡೆ ಒಮ್ಮೆ ನೋಡಿದರು. ಒಳಗೆ ಕೂತಿದ್ದ ಅತ್ತೆಗೆ ಕೇಳುವಂತೆ ಕೂಗಿ ಹೇಳಿದರು:

‘ಶಿವಲೀಲಕ್ಕಾ, ಯಾರೋ ನಿಮ್ಮ ಮನೀಗೆ ಬರಾಕತ್ತಾರಲ್ಲ. ಬಾ ಅಂತ ಕರದಿರೋ ಇಲ್ಲೋ?’